ಆರು ಪೌಂಡಿನ ರಸೀದಿ

ಗಾಜಿನ ಬಾಗಿಲಾಚೆ ಸತ್ಯಪ್ರಕಾಶ ಅಂಕಲ್ ಚೆಕ್ ಬರೆಯುತ್ತಿದ್ದರು. ಹೊರಗೆ ನಿಂತ ಪ್ರತಾಪನಿಗೆ ಮೈಯೆಲ್ಲ ಉರಿಯಿತು.

ಹೋದ ಶನಿವಾರವಷ್ಟೇ, ಆಸ್ಟಿನ್‌ನ ಇದೇ ಹಳೆಯ ವಸ್ತುಗಳ ಅಂಗಡಿಯಲ್ಲಿ, ಇದೇ ಕಾಗದವನ್ನು ಅವರಿಗೆ ತೋರಿಸಿದ್ದ. ನಾನೂರು ವರ್ಷ ಹಿಂದಿನ ಇಂಗ್ಲಿಷ್ ನಾಟಕಕಾರನೊಬ್ಬ ಹೊಸ ನಾಟಕಕ್ಕೆಂದು ಆರು ಪೌಂಡ್ ಪಡೆದು ಸಹಿ ಹಾಕಿಕೊಟ್ಟ ರಸೀದಿ. ಅವನ ಸಹಿ ಸಿಗುವುದೇ ಅಪರೂಪ. ವ್ಯಾಪಾರಿ ಹೇಳಿದ ಬೆಲೆ ನಲವತ್ತು ಸಾವಿರ ಡಾಲರ್. ಪ್ರಾಸ್ಪರ್ ಊರಿನಲ್ಲಿ ಮನೆ ಕೊಳ್ಳಲೆಂದು ಕೂಡಿಟ್ಟ ಹಣಕ್ಕೇ ಕೈ ಹಾಕಬೇಕಿತ್ತು. ಹ್ಯೂಸ್ಟನ್‌ನಲ್ಲಿದ್ದ ನಿವೃತ್ತ ಡಾಕ್ಟರ್ ಅಂಕಲ್‌ಗೆ ಹಳೆಯ ಕಾಗದಪತ್ರಗಳ ಹುಚ್ಚು. ಒಂದು ಮಾತು ಕೇಳೋಣವೆಂದು ಕರೆಸಿದ್ದ.

ಅಂಕಲ್ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಹೊರಗೆ ಬಂದವರೇ, "ನಕಲಿ ಕಣಪ್ಪಾ, ತಗೋಬೇಡ" ಎಂದರು.

"ಪೇಪರ್ ಟೆಸ್ಟ್ ಮಾಡಿಸಿದಾರಲ್ಲ ಅಂಕಲ್?"

"ಪೇಪರ್ ಹಳೇದೇ. ಬರೆದಿರೋದು ಹಳೇದಲ್ಲ."

ಅದಕ್ಕಿಂತ ಹೆಚ್ಚು ಬಾಯಿಬಿಡಲಿಲ್ಲ.

"ಅವರೇ ಹೊಡ್ಕೊಳ್ಳೋಕೆ ನೋಡ್ತಿದಾರೇನೋ" ಎಂದ ಹೆಂಡತಿ ನೀರಜಾಳನ್ನು ಪ್ರತಾಪ ಗದರಿಸಿದ್ದ. ಆದರೆ ಆ ಮಾತು ವಾರವಿಡೀ ತಲೆ ಕೊರೆಯಿತು. ಶುಕ್ರವಾರ ತಡೆಯಲಾರದೆ ಅಂಗಡಿಗೆ ಫೋನ್ ಮಾಡಿದ. ಹ್ಯೂಸ್ಟನ್‌ನ ಗಿರಾಕಿಯೊಬ್ಬರು ಒಪ್ಪಿದ್ದಾರೆ, ನಾಳೆ ಬಂದು ಒಯ್ಯುತ್ತಾರೆ ಎಂದ ವ್ಯಾಪಾರಿ. ಚೌಕಾಸಿ ಕೂಡ ಮಾಡಲಿಲ್ಲವಂತೆ. ಬೆಳಗಾಗುತ್ತಲೇ ಪ್ರತಾಪ ಕಾರು ಹತ್ತಿದ್ದ.

ಈಗ ಬಾಗಿಲು ದೂಡಿಕೊಂಡು ಒಳನುಗ್ಗಿದ.

"ನನಗಾದ್ರೆ ನಕಲಿ, ನಿಮಗಾದ್ರೆ ಅಸಲಿನಾ ಅಂಕಲ್?"

ಅಂಕಲ್ ಬೆಚ್ಚಿದರು. ಗಾಜಿನ ಚೌಕಟ್ಟಿನಲ್ಲಿದ್ದ ರಸೀದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ.

"ನಕಲೀನೇ ಕಣೋ. ಈ ಅಂಗಡಿಯವನಿಗೂ ಹೇಳ್ದೆ, ನಕ್ಕುಬಿಟ್ಟ."

"ಸುಳ್ಳು! ನಕಲಿಗೆ ಯಾರಾದ್ರೂ ನಲವತ್ತು ಸಾವಿರ ಕೊಡ್ತಾರಾ? ನನಗೂ ನೀರಜಾಗೂ ನಿಮ್ಮ ಮೇಲೆ ಎಷ್ಟು ನಂಬಿಕೆ ಇತ್ತು ಗೊತ್ತಾ?"

ಅಂಕಲ್ ಗಾಜಿನ ಮೇಲೆ, ಆ ಸಹಿಯ ಉದ್ದಕ್ಕೂ, ಬೆರಳಾಡಿಸಿದರು.

"ತೊಂಬತ್ತೆರಡರಲ್ಲಿ ಹ್ಯೂಸ್ಟನ್ ಕನ್ನಡದವರೆಲ್ಲ ಸೇರಿ ಈ ನಾಟಕಕಾರನ ಬಗ್ಗೇನೇ ಒಂದು ನಾಟಕ ಆಡಿದ್ವಿ. ಸ್ಟೇಜ್ ಮೇಲೆ ತೋರಿಸೋಕೆ ಒಂದು ರಸೀದಿ ಬೇಕಿತ್ತು. ನನ್ನ ಹತ್ತಿರ ಇದ್ದ ಯಾವುದೋ ನಾನೂರು ವರ್ಷದ ಹಳೇ ಪುಸ್ತಕದ ಖಾಲಿ ಹಾಳೇಲಿ ಬರೆದದ್ದು. ನಾಟಕ ಮುಗಿದ ಮೇಲೆ ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ."

"ಬರೆದದ್ದು ಯಾರು?"

"ನಿಮ್ಮ ರಮಾ ಆಂಟಿ. ಅವಳು ಹೋದಮೇಲೆ ಮನೆಗೆ ಪ್ರವಾಹದ ನೀರು ನುಗ್ಗಿ ಎಲ್ಲ ಕೊಚ್ಚಿಹೋಯ್ತಲ್ಲ, ಅವಳ ಕೈಬರಹ ಅಂತ ಈ ಪ್ರಪಂಚದಲ್ಲಿ ಉಳಿದಿರೋದು ಇದೊಂದೇ ಕಣಪ್ಪಾ."