ಪಾಲಕರನ್ನು ಕರೆದುಕೊಂಡು ಬಾ

"ಸರ್, ಆ ಸೀರೆ ಕೇಸಿನ ಪಾಲಕರು ಬಂದ್ರು," ಎಂದು ಜವಾನ ದೇವು ಬಾಗಿಲಲ್ಲೇ ನಿಂತು ಹೇಳಿದ.

ಪ್ರಿನ್ಸಿಪಾಲ್ ಸುಧಾಕರ ಅವರು ಮುಖ ಗಂಟಿಕ್ಕಿಕೊಂಡು ಸಿದ್ಧರಾದರು. ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಮಗನಿಗೆ ಇಲ್ಲೇ ನಾಲ್ಕು ಬಾರಿಸುವ ಅಪ್ಪ ಬರುತ್ತಾನೆಂದು ಅವರು ಎಣಿಸಿದ್ದರು. ಅಂಥ ಅಪ್ಪಂದಿರಿಂದ ಬೇಕಾದ್ದನ್ನು ಬರೆಸಿಕೊಳ್ಳುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಬಾಗಿಲಲ್ಲಿ ಕಂಡದ್ದು ನೀಲಿ ಹತ್ತಿ ಸೀರೆ. ಎತ್ತರದ ನಿಲುವು, ತಿದ್ದಿದ ಹುಬ್ಬು, ಕೈಯಲ್ಲಿ ಮಡಿಸಿದ ಬಟ್ಟೆಯೊಂದು. ಸುಧಾಕರ ಅವರು ತಮಗರಿವಿಲ್ಲದೆಯೇ ಎದ್ದು ನಿಂತರು.

"ಬನ್ನಿ ಅಮ್ಮಾ, ಕೂತುಕೊಳ್ಳಿ. ದೇವು, ಚಹ ತಾ."

ವಿಷಯ ಇಷ್ಟು. ಹೊನ್ನಾವರದ ಆ ಕಾಲೇಜಿನ ಕೊನೆಯ ವರ್ಷದ ಬಿ.ಕಾಂ.ನಲ್ಲಿ ಒಬ್ಬಳಿದ್ದಾಳೆ. ಹಾಜರಿ ಪುಸ್ತಕದಲ್ಲಿ ಅಜಯ, ಗೆಳತಿಯರ ಬಾಯಲ್ಲಿ ಕವಿತಾ. ನಾವು ಗೆಳತಿಯರ ಪಕ್ಷ. ಕಾಲೇಜಿನ ಸೀರೆ ದಿನ ಅವಳೂ ಸೀರೆ ಉಟ್ಟು ಬಂದಳು. ನಕ್ಕವರು ನಕ್ಕರು. ಮರುದಿನವೂ ಉಟ್ಟು ಬಂದಳು, ಅದರ ಮರುದಿನವೂ. ಪ್ರಿನ್ಸಿಪಾಲರು ಅವಳ ಹಾಲ್ ಟಿಕೆಟ್ ತಡೆಹಿಡಿದರು. "ಪಾಲಕರನ್ನು ಕರೆದುಕೊಂಡು ಬಾ. ಇನ್ನು ಸೀರೆ ಉಡುವುದಿಲ್ಲ ಎಂದು ಅವರು ಬರೆದುಕೊಡಲಿ." ಸೋಮವಾರ ಪರೀಕ್ಷೆ, ಇವತ್ತು ಶನಿವಾರ. ಟಿಕೆಟ್ ಸಿಗದಿದ್ದರೆ ಅವಳ ಒಂದು ವರ್ಷ ಹಾಳು.

ಅವಳೊಬ್ಬಳದೇ ಆಗಿದ್ದರೆ ಪ್ರಿನ್ಸಿಪಾಲರು ಇಷ್ಟು ಬೆವರುತ್ತಿರಲಿಲ್ಲ. ಗಾಯತ್ರಿ ಎಂಬ ಗಟ್ಟಿಗಿತ್ತಿಯೂ ಇನ್ನೈದು ಹುಡುಗಿಯರೂ ತಮ್ಮ ಹಾಲ್ ಟಿಕೆಟ್‌ಗಳನ್ನು ತಂದು ಅವರ ಮೇಜಿನ ಮೇಲೆ ಇಟ್ಟಿದ್ದರು. "ಅವಳಿಗಿಲ್ದಿದ್ರೆ ನಮ್ಗೂ ಬ್ಯಾಡ," ಎಂದು ಹೇಳಿ, ಕವಿತಾಳನ್ನು ನಡುವೆ ಕೂರಿಸಿಕೊಂಡು ಜಗಲಿಯಲ್ಲೇ ಬೀಡುಬಿಟ್ಟಿದ್ದರು. ನೀಲಿ ಸೀರೆ ಎದುರಿಗೆ ಹಾದುಹೋದಾಗ ಗಾಯತ್ರಿ ವೇಲನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ದೇವುವಿಗೆ ತಿಳಿಯಲಿಲ್ಲ.

"ಬಸ್ಸಿಗೆ ಬಂದಿರಾ ಅಮ್ಮಾ?"

"ಹೌದು. ಕಂಡಕ್ಟರ್ ಫ್ರೀ ಟಿಕೆಟ್ ಕೊಡೂಕೆ ಬಂದ. ಬ್ಯಾಡ ಅಂದೆ. ದುಡ್ಡು ಕೊಟ್ಟೇ ಬಂದೆ."

ಸ್ವಾಭಿಮಾನಿ ಹೆಂಗಸು, ಎಂದುಕೊಂಡರು ಸುಧಾಕರ. ದನಿ ಒಡೆದಿತ್ತು, ರಾತ್ರಿಯಿಡೀ ಕಣ್ಣು ಮುಚ್ಚಿರಲಿಕ್ಕಿಲ್ಲ. ಕಿವಿಯ ಹಿಂದೆ ಕೆಂಪು ಬಣ್ಣ ಸ್ವಲ್ಪ ಅಂಟಿತ್ತು, ಕುಂಕುಮವಿರಬೇಕು. ಪಾಪ, ಹೆತ್ತ ಕರುಳು. ಕೆಲಸ ಬೇಗ ಮುಗಿಯುತ್ತದೆ ಅನ್ನಿಸಿತು.

"ನಿಮ್ಮ ಮಗನಿಗೆ ಈ ಹುಚ್ಚು ಎಲ್ಲಿಂದ ಬಂತು?"

"ಸೀರೆ ಉಡೂಕೆ ಕಲಿಸಿದ್ದು ನಾನೇ. ಮತ್ತೆ, ಮಗ ಅಲ್ಲ ಸರ್, ಮಗಳು."

ಸುಧಾಕರ ಅವರು ಚಹದ ಲೋಟವನ್ನು ಕೆಳಗಿಟ್ಟರು. "ಇದೆಲ್ಲ ತಂದೆಗೆ ಗೊತ್ತಿದೆಯೇ?"

"ಎಲ್ಲಾ ಗೊತ್ತದೆ. ಅವ್ರು ನನ್ ಮಾತು ಮೀರುದಿಲ್ಲ."

"ನೋಡಿ ಅಮ್ಮಾ, ಕಾಲೇಜಿಗೆ ಒಂದು ಶಿಸ್ತು ಇದೆ. ಗಂಡೊಂದು ಸೀರೆ ಉಟ್ಟು ಗೇಟು ದಾಟಿದರೆ ಪಾಠ ನಿಲ್ಲುತ್ತದೆ. ಎಲ್ಲರ ಕಣ್ಣೂ ಅಲ್ಲೇ."

"ನಾನೂ ಈಗ ಗೇಟು ದಾಟೇ ಬಂದೆ. ಪಾಠ ಎಂತ ನಿಲ್ಲಲಿಲ್ಲ."

"ತಮ್ಮ ಮಾತು ಬೇರೆ."

"ಹೌದಾ?"

ಬಂದವರ ಕಣ್ಣು ಗೋಡೆಯ ಮೇಲಿತ್ತು. ಕಳೆದ ವರ್ಷದ ವಾರ್ಷಿಕೋತ್ಸವದ ಫೋಟೋ. ಯಕ್ಷಗಾನದ ರಾಣಿ ವೇಷಕ್ಕೆ ಪ್ರಿನ್ಸಿಪಾಲರು ಹಸಿರು ಅಂಚಿನ ಶಾಲು ಹೊದಿಸುತ್ತಿದ್ದಾರೆ, ಮುಖದ ತುಂಬ ನಗು.

"ಆ ರಾಣಿಯೂ ಸೀರೆ ಉಟ್ಟ ಗಂಡಸೇ ಅಲ್ದಾ ಸರ್?"

"ಛೆ ಛೆ, ಅದು ಕಲೆ! ಎಂಥ ನಡಿಗೆ, ಎಂಥ ಮಾತು! ನಾನೇ ಎದ್ದು ಕೈಮುಗಿದೆ. ಆದರೆ ಬೆಳಗಾದರೆ ವೇಷ ಕಳಚಬೇಕಲ್ಲ."

"ಕಳಚಲಿ. ನನ್ ಮಗಳಿಗೆ ವೇಷ ಅಂದ್ರೆ ಪ್ಯಾಂಟು ಶರ್ಟು. ಇಪ್ಪತ್ತು ವರ್ಷ ಹಾಕ್ದಳು. ಸಾಕಾತು ಅವಳಿಗೆ."

ಸುಧಾಕರ ಅವರಿಗೆ ಸಿಟ್ಟು ನೆತ್ತಿಗೇರಿತು. ಆದರೆ ತಾಯಿಯ ಮೇಲೆ ರೇಗುವುದು ಹೇಗೆ? ಅದೇ ಹೊತ್ತಿಗೆ ಹೊರಗೆ ಕಾರಿನ ಹಾರ್ನ್ ಕೇಳಿಸಿತು, ಆಡಳಿತ ಮಂಡಳಿಯವರು. ಜಗಲಿಯಲ್ಲಿ ಏಳು ಹುಡುಗಿಯರು ಕೂತಿರುವುದನ್ನು ಅವರು ನೋಡಿದರೆ ಮಾನ ಹರಾಜು. ಸುಧಾಕರ ಅವರು ಗಡಿಬಿಡಿಯಲ್ಲಿ ಒಂದು ಹಾಳೆಯನ್ನೂ ಪೆನ್ನನ್ನೂ ಮುಂದಕ್ಕೆ ತಳ್ಳಿದರು.

"ಬರೆದು ಸಹಿ ಹಾಕಿ. ಟಿಕೆಟ್ ತಗೊಂಡು ಹೋಗಿ. ಮಕ್ಕಳನ್ನು ಮೊದಲು ಎಬ್ಬಿಸಿ."

"ಆತು."

ನೀಲಿ ಸೀರೆಯವರು ಅವಸರವಿಲ್ಲದೆ ಬರೆದರು, ಹಾಳೆಯನ್ನು ಮಡಿಸಿದರು. ತಂದಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಹಾಳೆ ಇಟ್ಟರು. ಕವಿತಾಳ ಹಾಲ್ ಟಿಕೆಟ್ ತೆಗೆದುಕೊಂಡರು, ಉಳಿದ ಆರನ್ನೂ ಎತ್ತಿಕೊಂಡರು. ಪ್ರಿನ್ಸಿಪಾಲರು ಎದ್ದು ಕೈಮುಗಿದರು. "ನಮಸ್ಕಾರ ಅಮ್ಮಾ."

"ನೀವು ಎದ್ದು ಕೈಮುಗಿದದ್ದು ಇದು ಎರಡನೇ ಸಲ," ಎಂದು ಹೇಳಿ ಅವರು ಹೊರಟೇ ಹೋದರು.

ಜಗಲಿಯಲ್ಲಿ ಕೇಕೆ ಎದ್ದಿತು, ಚಪ್ಪಾಳೆ ಎದ್ದಿತು. ಕವಿತಾ ಜೋರಾಗಿ ಅಳುತ್ತಿದ್ದಳು, ಗೆಳತಿಯರು ಅಷ್ಟೇ ಜೋರಾಗಿ ನಗುತ್ತಿದ್ದರು. ಎರಡನೇ ಸಲ? ಸುಧಾಕರ ಅವರು ಹಾಳೆ ಬಿಡಿಸಿದರು.

'ನನ್ನ ಮಗಳು ಸೋಮವಾರ ಸೀರೆ ಉಟ್ಟೇ ಪರೀಕ್ಷೆ ಬರೆಯುತ್ತಾಳೆ. ಇವತ್ತು ನಾನು ನಿಮ್ಮೆದುರು ಅರ್ಧ ತಾಸು ಕೂತೆ, ಚಹ ಕುಡಿದೆ. ಶಿಸ್ತಿಗೆ ಏನೂ ಆಗಲಿಲ್ಲ. ನನಗೆ ಕೊಟ್ಟ ಮರ್ಯಾದೆಯನ್ನು ಅವಳಿಗೂ ಕೊಡಿ. ಅಲ್ಲಿಯವರೆಗೆ ಇದು ನಿಮ್ಮ ಹತ್ತಿರವೇ ಇರಲಿ.'

ಇದು ಎಂದರೆ ಯಾವುದು? ಅವರು ಮೇಜಿನ ಮೇಲಿನ ಬಟ್ಟೆಯನ್ನು ಎತ್ತಿದರು. ಮಡಿಕೆ ಬಿಚ್ಚಿಕೊಂಡಿತು. ಶಾಲು, ಹಸಿರು ಅಂಚಿನದು. ಕಣ್ಣು ಗೋಡೆಗೆ ಹೋಯಿತು, ಅಲ್ಲಿಂದ ಮತ್ತೆ ಹಾಳೆಯ ಕೆಳತುದಿಯ ಸಹಿಗೆ ಬಂತು.

'ಕರ್ಕಿ ವೆಂಕಟ್ರಮಣ. ಕವಿತಾಳ ತಂದೆ.'