ಹನ್ನೊಂದನೆಯ ಸಹಿ

"ಹತ್ತೂ ಆಯ್ತು ನೋಡು!" ಎನ್ನುತ್ತಾ ಹಾಲ್ವರ್ ಓವರ್‌ಕೋಟಿನಿಂದ ಮಡಿಸಿದ ಕಾಗದ ತೆಗೆದು ಮಾರ್ಲಿಸ್‌ಳ ಮೇಜಿನ ಮೇಲಿಟ್ಟರು. ಕೋಟಿನ ಗುಂಡಿಗಳೆಲ್ಲ ಒಂದೊಂದು ಕಾಜಾ ತಪ್ಪಿ ಕೂತಿದ್ದವು. ಎಂಬತ್ತು ದಾಟಿದ ಈ ವಕೀಲರು, ನೋಯುವ ಸೊಂಟ ಹೊತ್ತು, ಅಮೆರಿಕದ ಅಯೋವಾ ರಾಜ್ಯದ ಹಿಮದಲ್ಲಿ ಊರೂರು ಕೋರ್ಟು ಅಲೆದು ಹತ್ತು ವಕೀಲರ ಸಹಿ ತಂದಿದ್ದರು. ನ್ಯಾಯಾಧೀಶರನ್ನು ಆರಿಸುವ ಆಯೋಗಕ್ಕೆ ವಕೀಲರೊಳಗೆ ನಡೆಯುವ ಚುನಾವಣೆಗೆ ತಮ್ಮ ಹಳೆಯ ಜೂನಿಯರ್ ಮಾರ್ಲಿಸ್‌ಳನ್ನು ನಿಲ್ಲಿಸಬೇಕೆಂಬುದು ಅವರ ಆಸೆ. ಇನ್ನು ಬೇಕಾದದ್ದು ಅವಳ ಒಪ್ಪಿಗೆಯ ಸಹಿ ಒಂದೇ.

"ಇನ್ಮೇಲೆ ಜಡ್ಜ್ ಯಾರಾಗ್ಬೇಕು ಅಂತ ನೀನು ಹೇಳೋದು! ಗವರ್ನರ್ ಕೂಡ ನೀವು ಕಳಿಸಿದ ಹೆಸರಲ್ಲೇ ಆರಿಸ್ಕೋಬೇಕು. ಏನು ಕಮ್ಮಿ ಮರ್ಯಾದೇನಾ?"

ಮಾರ್ಲಿಸ್ ಕಾಗದ ಬಿಡಿಸಿದಳು. ಮೊದಲ ಸಹಿ ಸರ್ಕಾರಿ ವಕೀಲ ಕ್ರೇಗ್‌ನದು.

"ಈ ಯೋಚನೆ ಯಾರದು ಹಾಲ್ವರ್?"

"ಕ್ರೇಗ್‌ದೇ. ಒಳ್ಳೇ ಹುಡುಗ. ನನಗೆ ಕಾಫಿ, ಆಪಲ್ ಪೈ ಕೊಡಿಸಿ, ತಾನೇ ಮೊದ್ಲು ಸಹಿ ಹಾಕ್ದ."

ಹಾಕದೆ ಬಿಡುತ್ತಾನೆಯೇ! ವಸಂತಕ್ಕೆ ಈ ಕೋರ್ಟಿನ ಜಡ್ಜ್ ನಿವೃತ್ತರಾಗುತ್ತಾರೆ. ಆ ಕುರ್ಚಿಯ ಮೇಲೆ ಕಣ್ಣಿಟ್ಟವರು ಇಬ್ಬರೇ, ಕ್ರೇಗ್ ಮತ್ತು ಮಾರ್ಲಿಸ್. ಆಯೋಗದಲ್ಲಿ ಕೂತವರು ತಮ್ಮ ಅವಧಿಯ ಆರು ವರ್ಷ ತಾವು ಜಡ್ಜ್ ಆಗುವಂತಿಲ್ಲ. ಅವಳಿಗೋ ಈಗಲೇ ಅರವತ್ತು ಹತ್ತಿರ. ಸನ್ಮಾನ ಮಾಡಿ ಬಾಗಿಲಾಚೆ ಕೂರಿಸುವ ಉಪಾಯ ಇದು. ಆ ಸನ್ಮಾನವನ್ನು ಕೈಯಲ್ಲಿ ಹಿಡಿದು ಬಂದವರು, ಪಾಪ, ಹಾಲ್ವರ್.

ಇದೇ ಹಾಲ್ವರ್! ಮೊದಲ ಕೇಸು ಸೋತು ಕೋರ್ಟಿನ ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದ ಹುಡುಗಿಗೆ ತಮ್ಮ ಕರವಸ್ತ್ರ ಕೊಟ್ಟು, "ಅಳ್ಬೇಡ. ಒಂದಿನ ಆ ಕುರ್ಚಿ ಮೇಲೆ ನೀನೇ ಕೂತ್ಕೋತೀಯ" ಎಂದವರು. ಆ ಒಂದು ಮಾತು ನೆಚ್ಚಿಕೊಂಡು ಅವಳು ಇಷ್ಟು ವರ್ಷ ಕಳೆದಿದ್ದಳು.

"ನಾನೇ ಜಡ್ಜ್ ಆಗ್ಬೇಕು ಅಂತಿದ್ದೀನಿ ಹಾಲ್ವರ್. ಇದಕ್ಕೆ ಸಹಿ ಹಾಕಿದ್ರೆ ಆ ದಾರಿ ಮುಚ್ಚಿಹೋಗುತ್ತೆ."

"ನೀನಾ?" ಅವರ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ನನಗೆ ಒಂದು ಮಾತೂ ಹೇಳ್ಲಿಲ್ವಲ್ಲೇ! ಯಾರು ಇದನ್ನ ನಿನ್ನ ತಲೇಲಿ ತುಂಬಿದ್ದು?"

ಹೇಳಿದವರೇ ಮರೆತುಬಿಟ್ಟಿದ್ದರು. ಅವರ ಮರೆವು ಕನ್ನಡಕ, ಬೀಗದ ಕೈಗಳ ತನಕ ಬಂದಿದೆ, ಅಷ್ಟೇ ಎಂದುಕೊಂಡಿದ್ದಳು.

"ಒಬ್ರು ಹಿರಿಯರು," ಎಂದಳು. "ನಾನು ಹೊಸಬಳಾಗಿದ್ದಾಗ ಹೇಳಿದ್ರು."

ಹಾಲ್ವರ್ ಕಾಗದವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನೆತ್ತಿಕೊಂಡು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. "ಹಾಗಾದ್ರೆ ಇದು ಬೇಡ ಬಿಡು. ನಿನ್ನ ಬೆಲೆ ಆ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ."

ಅವಳು ಎದ್ದು ಬಂದು ಅವರ ಕೋಟಿನ ಗುಂಡಿಗಳನ್ನು ಬಿಚ್ಚಿ, ಕೆಳಗಿನಿಂದ ಒಂದೊಂದಾಗಿ ಸರಿಯಾಗಿ ಹಾಕಿದಳು. ಅವರು ಮಗುವಿನಂತೆ ನಿಂತಿದ್ದರು. ಬಾಗಿಲ ತನಕ ಹೋದವರು ತಿರುಗಿ ಕೇಳಿದರು.

"ಇದ್ದಾರಾ ಅವರು ಇನ್ನೂ?"

ಮಾರ್ಲಿಸ್ ಹೌದೆಂದು ತಲೆಯಾಡಿಸಿದಳು.

"ಸಿಕ್ಕಿದ್ರೆ, ಹಾಲ್ವರ್ ಕೇಳ್ದ ಅಂತ ಹೇಳು."