ಪರಂಗಿ ಹಣ್ಣಿನ ಅಪವಾದ

ಮಗುವಿನ ಹೊಕ್ಕುಳಿಗೆ ಸುತ್ತಿದ್ದ ಬಟ್ಟೆಯನ್ನು ಶಿವನಂಜಮ್ಮ ಮತ್ತೊಮ್ಮೆ ಬಿಚ್ಚಿದಳು. ಇದೂ ಕೆಂಪಗೆ ತೊಯ್ದು ಹೋಗಿತ್ತು. ಅರಿಶಿನ ಮೆತ್ತಿದ್ದಾಯಿತು, ಒತ್ತಿ ಹಿಡಿದದ್ದಾಯಿತು. ಹಾಳು ರಕ್ತ, ನಿಲ್ಲುವ ಮಾತೇ ಇಲ್ಲ.

ಹಾಸಿಗೆಯಲ್ಲಿ ಮಗಳು ಚಂದನ ಅಳುತ್ತಿದ್ದಳು. ಮೊನ್ನೆ ಬಸರಾಳಿನಿಂದ ಮಂಡ್ಯದ ಆಸ್ಪತ್ರೆಗೆಂದು ಹೊರಟವಳಿಗೆ ದಾರಿಯಲ್ಲೇ, ಕಬ್ಬಿನ ಗದ್ದೆ ಪಕ್ಕ ನಿಂತ ಸಿದ್ದೇಶನ ಆಟೋದಲ್ಲಿ ಹೆರಿಗೆಯಾಗಿತ್ತು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಬೆಳ್ಳಮ್ಮ ಹೊಕ್ಕುಳಬಳ್ಳಿ ಕತ್ತರಿಸಿ, "ಎರಿಗೆ ಆಯ್ತಲ್ಲ, ಇನ್ಯಾಕೆ ಆಸ್ಪತ್ರೆ? ಗಾಡಿ ತಿರುಗಿಸ್ಲಾ ಸಿದ್ದೇಶ" ಎಂದಿದ್ದಳು. ಶಿವನಂಜಮ್ಮನಿಗೂ ಅದು ಸರಿಯೆನ್ನಿಸಿತ್ತು. ಊಟ ಮುಗಿದ ಮೇಲೆ ಮದುವೆ ಮನೆಗೆ ಯಾರು ಹೋಗುತ್ತಾರೆ?

ಈಗಲೂ ಅದೇ ಬೆಳ್ಳಮ್ಮ ಬಾಗಿಲಲ್ಲಿ ನಿಂತಿದ್ದಳು. "ದೃಷ್ಟಿ ಕಣೇ ಇದು. ಮೆಣಸಿನಕಾಯಿ ನೀವಾಳ್ಸಿ ಒಲೆಗಾಕು. ಪುರುಡು ಕಳಿಯೋಗಂಟ ಬಾಣಂತಿ ಒಸ್ಲು ದಾಟ್ಬಾರ್ದು."

"ನಿನ್ ಪುರುಡು ಆಳಾಗೋಗ್ಲಿ!" ಶಿವನಂಜಮ್ಮ ಕಿರುಚಿದಳು. "ಇನ್ನೊಂದು ಕೂಸ್ನ ಮಣ್ಣಿಗಾಕಾಕೆ ನನ್ ಕೈಲಾಗಕಿಲ್ಲ. ಲೇ ಸಿದ್ದೇಶ, ಗಾಡಿ ತಕ್ಕೊಂಬಾರ್ಲಾ!"

ಇನ್ನೊಂದು ಕೂಸು? ಚಂದನ ಬೆಪ್ಪಾಗಿ ಅವ್ವನ ಮುಖ ನೋಡಿದಳು. ಕೇಳಲು ಪುರುಸೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಅರುಂಧತಿ ಮಗುವಿನ ರಕ್ತವನ್ನು ಪರೀಕ್ಷೆಗೆ ಕಳಿಸಿ, ತಡಮಾಡದೆ ಇಂಜೆಕ್ಷನ್ ಕೊಟ್ಟರು. "ವಿಟಮಿನ್ ಕೆ ಅಂತ. ರಕ್ತ ಹೆಪ್ಪುಗಟ್ಟೋಕೆ ಬೇಕು. ಹುಟ್ಟುವಾಗ ಎಲ್ಲ ಮಕ್ಕಳ ಮೈಯಲ್ಲೂ ಇದು ಕಮ್ಮಿ, ತಾಯಿ ಹಾಲಲ್ಲೂ ಅಷ್ಟಿರಲ್ಲ. ಅದಕ್ಕೇ ಹುಟ್ಟಿದ ಕೂಡಲೇ ಹಾಕ್ತೀವಿ. ನೀವು ಅವತ್ತು ಇಲ್ಲಿಗೇ ಬಂದುಬಿಡಬೇಕಿತ್ತು. ಹಿಂದೆ ನಿಮ್ಮ ಮನೇಲಿ ಯಾರಿಗಾದರೂ ಹೀಗೆ ಆಗಿತ್ತಾ?"

ಶಿವನಂಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ತಡೆಯಲಾಗಲಿಲ್ಲ. "ನನ್ ಮೊದಲ್ನೇ ಗಂಡು ಕೂಸು ಇಂಗೇ ಓಯ್ತು ತಾಯಿ. ಒಕ್ಳಲ್ಲಿ ರಕ್ತ ಸೋರಿ ಸೋರಿ. ಬಸುರೀಲಿ ಆಸೆಪಟ್ಟು ಪರಂಗಿ ಅಣ್ಣು ತಿಂದಿದ್ದೆ. ತಿಂದು ಮಗೀನ ಕೊಂದ್ಲು ಅಂತ ನಮ್ಮತ್ತೆ ಸಾಯೋಗಂಟ ಅಂದ್ಲು. ನಿಜಾನೇ, ನನ್ನಿಂದ್ಲೇ ಓದ."

"ಹಣ್ಣಿಗೂ ಇದಕ್ಕೂ ಸಂಬಂಧ ಇಲ್ಲ ಕಣಮ್ಮ," ಡಾಕ್ಟರು ಅವಳ ಭುಜದ ಮೇಲೆ ಕೈಯಿಟ್ಟರು. "ಆ ಮಗುವಿಗೂ ಇದೇ ಆಗಿತ್ತೋ ಏನೋ, ಈಗ ಹೇಳೋಕಾಗಲ್ಲ. ಆದರೆ ನೀವು ತಿಂದಿದ್ದರಿಂದ ಅಲ್ಲ. ಅದು ಮಾತ್ರ ಖಂಡಿತ."

ಶಿವನಂಜಮ್ಮ ಗೋಡೆಗೊರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಲ್ಲಿ ಮುಂದೆ ನಿಂತರೆ ಇಡೀ ಬೀದಿಗೇ ಕೇಳಿಸುವಂಥ ಬಾಯಿ ಅವಳದು. ಇದೊಂದು ವಿಷಯಕ್ಕೆ ಮಾತ್ರ ಇಷ್ಟು ವರ್ಷ ಆ ಬಾಯಿಗೆ ಬೀಗ ಬಿದ್ದಿತ್ತು. ಪಾಪ, ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ?

ಸಂಜೆ ನರ್ಸ್ ಬಂದು ಮಗುವಿನ ಹೊಕ್ಕುಳು ನೋಡಿದಳು. ರಕ್ತ ನಿಂತಿತ್ತು. "ಇನ್ನೊಂದೆರಡು ದಿನ ಇಲ್ಲೇ ಇರಲಿ. ಹೆದರಿಕೆ ಬೇಡ" ಎಂದಳು. ಅಷ್ಟರಲ್ಲಿ ಮಗು ಹಾಲಿಗೆ ರಂಪ ಶುರುಮಾಡಿತು, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ.

ಅದನ್ನು ಎದೆಗೆ ಹಾಕಿಕೊಂಡ ಚಂದನ ಮೆಲ್ಲಗೆ ಕೇಳಿದಳು. "ಅವ್ವ, ನಮ್ಮಣ್ಣ ನೋಡಾಕೆ ಎಂಗಿದ್ದ?"

ಶಿವನಂಜಮ್ಮನನ್ನು ಯಾರೂ ಯಾವತ್ತೂ ಕೇಳಿರದ ಮಾತು ಅದು. ಅವಳು ಕಣ್ಣೊರೆಸಿಕೊಂಡು ಮಂಚದ ಮೇಲೆ ಮಗಳ ಪಕ್ಕಕ್ಕೆ ಸರಿದು ಕೂತಳು.

"ನಿನ್ನಂಗೇ ಇದ್ದ ಕಣವ್ವ. ಮೂಗು ಮಾತ್ರ ನಂದು."